ಬಣವೆಯ ಮೇಲಿನ ಎರಡು ಸಾಲು

ನಾನು ಚಿಕ್ಕವನಿದ್ದಾಗ ನಮ್ಮ ಹೊಲದ ಜೋಳದ ಎಲೆ ಹಸಿರಾಗಿರುತ್ತಿರಲಿಲ್ಲ, ಕೆಂಪಗಿರುತ್ತಿತ್ತು. ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಹೊಲ. ಅದಿರು ತುಂಬಿದ ಲಾರಿಗಳು ಮೇಲೆ ಏನೂ ಹೊದಿಸದೆ ದಿನವಿಡೀ ಓಡುತ್ತಿದ್ದವು. ಒಂದೊಂದು ಲಾರಿ ಹೋದಾಗಲೂ ಕೆಂಪು ಧೂಳು ಎದ್ದು ನಿಧಾನವಾಗಿ ಬೆಳೆಯ ಮೇಲೆ ಇಳಿಯುತ್ತಿತ್ತು. ರಸ್ತೆಯ ಕಡೆಯ ತೆನೆಗಳಲ್ಲಿ ಅರ್ಧಕ್ಕರ್ಧ ಕಾಳು ಜೊಳ್ಳು. ಬಾಯಿ ತೆರೆದರೆ ನಾಲಿಗೆಗೆ ಕಬ್ಬಿಣದ ರುಚಿ.

ದನಗಳು ಆ ಮೇವನ್ನು ಮೂಸಿ, ಸೀನಿ, ಮುಖ ತಿರುಗಿಸುತ್ತಿದ್ದವು. ಹಾಗಾಗಿ ರಸ್ತೆ ಬದಿಯ ಹೊಲದವರಿಗೆಲ್ಲ ಒಂದು ಕೆಲಸ ಹೆಚ್ಚು. ದಿನಾ ಸಂಜೆ ಒಂದೊಂದೇ ಸಿವುಡು, ಅಂದರೆ ಮೇವಿನ ಕಟ್ಟು, ತೆಗೆದುಕೊಂಡು ಕಲ್ಲಿಗೆ ಬಡಿದು, ಹಳ್ಳದ ನೀರಿನಲ್ಲಿ ಅದ್ದಿ ದನಕ್ಕೆ ಹಾಕಬೇಕು. ನಮ್ಮ ಮನೆಯಲ್ಲಿ ಅದು ಅಕ್ಕನದು ಮತ್ತು ನನ್ನದು. ನನಗೆ ಆ ಕೆಲಸ ಕಂಡರೆ ಆಗುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ನಾವೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು. ಅವರ ಕಣ್ಣು ಮಂಜಾಗಿತ್ತು. ಒಂದೇ ಎಮ್ಮೆ, ಅದು ಆಗಷ್ಟೇ ಕರು ಹಾಕಿತ್ತು. ಅವರ ಹೊಲ ಹಳ್ಳದಾಚೆ, ರಸ್ತೆಯಿಂದ ದೂರ. ಮೇವು ಬೆಳ್ಳಗೆ, ಸಿಹಿ ವಾಸನೆಯದು. ಆದರೆ ದಿನಾ ಅಲ್ಲಿಂದ ಹೊತ್ತು ತರುವುದರಲ್ಲಿ ಅವರ ಸೊಂಟ ಬಿದ್ದುಹೋಗುತ್ತಿತ್ತು.

ನನಗೆ ಆಗಲೇ ವ್ಯಾಪಾರದ ತಲೆ. ಅಪ್ಪ ಹೊಸಪೇಟೆಯ ಸಂತೆಗೆ ಹೋಗಿದ್ದ ದಿನ ನಾನು ದೊಡ್ಡವ್ವನ ಕಟ್ಟೆಗೆ ಹೋಗಿ ಕೂತೆ.

"ದೊಡ್ಡವ್ವಾ, ನಮ್ಮ ಬಣವಿ ನಿನ್ನ ಬಾಗಿಲಾಗ ಐತಿ. ಅದನ್ನ ನೀನು ತಗೋ. ಹಳ್ಳದಾಚಿ ನಿಂದು ನಮಗ ಕೊಡು. ಸಿವುಡಿಗೆ ಸಿವುಡು. ನಿನ್ನ ಸೊಂಟಾನೂ ಉಳೀತೈತಿ."

"ನಿಮ್ಮದು ಧೂಳಿನ ಮೇವಲ್ಲೇನೋ, ವಕೀಲಾ?" ಎಂದು ದೊಡ್ಡವ್ವ ನಕ್ಕರು.

"ಎಲ್ಲಾ ಬಡಿದು, ತೊಳೆದು, ಒಣಗಿಸಿ ಒಟ್ಟೀವಿ. ಮುಟ್ಟಿ ನೋಡು ಬೇಕಾದ್ರ."

ಅವರು ಬಂದು ಬಣವೆಯ ಮೇಲೆ ಅಂಗೈ ಆಡಿಸಿದರು. ಅಂಗೈಗೆ ಏನೂ ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಮೇಲಿನ ಎರಡು ಸಾಲು ಸಿವುಡುಗಳನ್ನು ಹಿಂದಿನ ದಿನವೇ ನಾನು ತೊಳೆದು ಒಣಗಿಸಿ ಇಟ್ಟಿದ್ದೆ. ದೊಡ್ಡವ್ವ ಒಪ್ಪಿದರು. ಒಳಗೆ ಕರೆದು ಒಂದು ಬಟ್ಟಲು ಬಿಸಿ ಗಿಣ್ಣವನ್ನೂ ಕೊಟ್ಟರು. ಬೆಲ್ಲ, ಏಲಕ್ಕಿ ಹಾಕಿದ್ದರು. ನಾನು ಬಟ್ಟಲು ನೆಕ್ಕಿ ತಿಂದೆ.

ಸಂಜೆ ಬಂದ ಅಪ್ಪ, "ಭಾಳ ಶ್ಯಾಣ್ಯಾ ಆದಿ ಬಿಡಲೇ!" ಎಂದು ಬೆನ್ನು ತಟ್ಟಿದರು. ಅಕ್ಕ ಮಾತ್ರ, "ಬಡಿದು ಹಾಕಂತ ಹೇಳಿದಿಲ್ಲೋ?" ಎಂದು ಕೇಳಿದಳು. "ಹೇಳೀನಿ" ಎಂದೆ.

ಮೊದಲು ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಗೋಡೆಯಾಚೆ ಎಮ್ಮೆ ಕೆಮ್ಮುವುದು ಕೇಳತೊಡಗಿತು. ಅದು ಮೇವು ಬಿಟ್ಟಿತು, ಹಾಲು ಬತ್ತಿತು. ಕರು ಖಾಲಿ ಕೆಚ್ಚಲಿಗೆ ಗುದ್ದಿ ಗುದ್ದಿ ಸೋತು ಮಲಗುತ್ತಿತ್ತು. ಅಪ್ಪನಿಗೆ ಹೇಳಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಮತ್ತೆ ಮೇವು ಬಡಿಯಬೇಕಲ್ಲ! ಒಂದು ಬೆಳಿಗ್ಗೆ ಕರು ಏಳಲೇ ಇಲ್ಲ.

ನಾನು ಹೋದಾಗ ದೊಡ್ಡವ್ವ ಅಂಗಳದಲ್ಲಿ ಕೂತು ಒಂದೊಂದೇ ಸಿವುಡನ್ನು ಕಲ್ಲಿಗೆ ಬಡಿಯುತ್ತಿದ್ದರು. ಸುತ್ತಲೂ ಕೆಂಪು ಧೂಳು, ತಲೆಯ ಬಿಳಿ ಕೂದಲೂ ಕೆಂಪು.

"ಒಳಗಿನವು ತೊಳ್ಯಾದು ಮರ್ತೀರೇನೋ ಮಗಾ," ಎಂದರು. "ಹೋಗ್ಲಿ ಬಿಡು. ಸಣ್ಣ ಹುಡುಗ್ರು ನೀವು, ನಿಮಗೇನು ತಿಳೀತೈತಿ."

ನನಗೆ ಎಲ್ಲ ತಿಳಿದಿತ್ತು. ಆದರೂ ಹೌದೆಂದು ತಲೆ ಆಡಿಸಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು.

ಮಕ್ಕಳೇ, ಮುಂದೆ ನಾನು ಕೈಯಿಂದಲೇ ದುಡಿದು ಮೇಲೆ ಬಂದೆ, ಎರಡು ಲಾರಿ ಇಟ್ಟೆ, ಅದೇ ರಸ್ತೆಯಲ್ಲಿ ಅದಿರು ಸಾಗಿಸಿದೆ. ಅದಿರಿನ ಮೇಲೆ ತಾಡಪತ್ರಿ ಹೊದಿಸಿ ಕಟ್ಟುತ್ತ ನಿಂತರೆ ಒಂದು ಟ್ರಿಪ್ ತಪ್ಪುತ್ತದೆಂದು ಎಷ್ಟೋ ಸಲ ಕಟ್ಟದೇ ಕಳಿಸಿದೆ. ವ್ಯಾಪಾರ ಮಾಡಬೇಡಿ ಎಂದು ನಾನು ನಿಮಗೆ ಹೇಳುವುದಿಲ್ಲ, ಚೌಕಾಸಿಯನ್ನೂ ಕಲಿಯಿರಿ. ಆದರೆ ಎದುರಿನವರು ನಂಬಿ ಕೈ ಇಟ್ಟ ಜಾಗದಲ್ಲಿ ಮಾತ್ರ ಮೋಸ ಇಡಬೇಡಿ.

ನಿಮಗೆ ಹಾಲು ಪಾಕೀಟಿನಲ್ಲಿ ಬರುತ್ತದೆ. ಯಾವ ಎಮ್ಮೆ ಏನು ತಿಂದಿತ್ತೋ ನಿಮಗೆ ಗೊತ್ತಾಗುವುದಿಲ್ಲ. ರಸ್ತೆ ಅಗಲವಾಗಿದೆ, ಲಾರಿಗಳು ನಮ್ಮ ಕಾಲಕ್ಕಿಂತ ದೊಡ್ಡವು. ಧೂಳು ಕಂಡ ಕೂಡಲೇ ನೀವು ಕಾರಿನ ಗಾಜು ಏರಿಸುತ್ತೀರಿ. ಬೆಳೆಗೆ ಏರಿಸಿಕೊಳ್ಳಲು ಗಾಜಿಲ್ಲ. ಹೋದ ಭಾನುವಾರ ಆ ಗಾಜಿನೊಳಗಿಂದಲೇ ನೋಡಿ, "ಅಜ್ಜಾ, ಆ ಜೋಳ ಯಾಕೆ ಕೆಂಪಗಿದೆ?" ಎಂದು ಕೇಳಿದಿರಿ. "ಈ ಕಡಿ ಮಣ್ಣೇ ಹಂಗ" ಎಂದೆ.

ಅದು ಸುಳ್ಳು. ಅದು ಹೊಲದ ಮಣ್ಣಲ್ಲ, ಲಾರಿಯ ಧೂಳು. ಅದರಲ್ಲಿ ನನ್ನ ಪಾಲೂ ಇದೆ.