ಗದಿಗೆವ್ವ ಕೊಟ್ಟ ಹಿಡಿ ಜೋಳ

ನನ್ನ ಎಡಗೈ ಮೇಲೆ ತೊಟ್ಟಿಲ ಹಚ್ಚೆ ಇದೆ. ನಾನಿನ್ನೂ ಅಗಡಿಯ ತವರಲ್ಲಿದ್ದಾಗ ಗದಿಗೆವ್ವನ ತಾಯಿ ಹಾಕಿದ್ದು. ನನ್ನಷ್ಟೇ ಎತ್ತರದ ಗದಿಗೆವ್ವ ಪಕ್ಕದಲ್ಲಿ ಕೂತು ದೀಪದ ಕಪ್ಪು ಅರೆಯುತ್ತಿದ್ದಳು. ನಾನು ಅತ್ತರೆ ನಾಲಿಗೆ ತೆಗೆದು ಅಣಕಿಸಿದಳು.

ಮುಂದೆ ಅವಳೂ ಸೂಜಿ ಹಿಡಿದು ಊರೂರು ತಿರುಗಿದಳು. ಈಗಿನ ಹುಡುಗಿಯರು ಮಷೀನಿನಲ್ಲಿ ಹಚ್ಚೆ ಹಾಕಿಸಿಕೊಳ್ಳುತ್ತಾರೆ, ಅವಳನ್ನು ಕರೆಯುವವರಿಲ್ಲ. ಹಾಗಾಗಿ ಮೆಣಸಿನಕಾಯಿ ಹಂಗಾಮಿಗೆ ಅವಳ ಮಂದಿ ನನ್ನ ಗಂಡನ ಊರಾದ ಬ್ಯಾಡಗಿಗೆ ಬಂದು, ನಮ್ಮ ಮನೆಯ ಹಿಂದೆ ಗುಡಾರ ಹಾಕಿ, ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಮಗಳು ಕೆಲಸಕ್ಕೆ ಹೋದರೆ ಮೊಮ್ಮಗಳು ಹೊನ್ನಿ ಗದಿಗೆವ್ವನ ಕಂಕುಳಲ್ಲಿ.

ಈ ವರ್ಷ ಮೋಟೆಬೆನ್ನೂರು ಕಡೆಯ ಇಟ್ಟಿಗೆ ಭಟ್ಟಿಯ ಮಕ್ಕಳಿಗೆ ದಡಾರ ಎದ್ದಿತು. ಸರಕಾರಿ ದವಾಖಾನೆಯ ನರ್ಸ್ ನಿರ್ಮಲಾ ಗುಡಾರಕ್ಕೆ ಓಡಿ ಬಂದಳು.

"ಯವ್ವಾ, ಕೂಸಿಗೆ ಚುಚ್ಚುಮದ್ದು ಹಾಕಿಸಿಬಿಡು. ಪುಕ್ಕಟ ಐತಿ."

"ಒಲ್ಲೆವಾ," ಎಂದು ಗದಿಗೆವ್ವ ಜೋಳದ ಚೀಲಕ್ಕೆ ಕೈ ಹಾಕಿದಳು.

"ಖರೇನ ಪುಕ್ಕಟ ಬೇ! ಏನೂ ಕೊಡೂದು ಬ್ಯಾಡ" ಎಂದು ನಿರ್ಮಲಾ ಕೈ ಮುಗಿದಳು.

ಗದಿಗೆವ್ವ ಹೊನ್ನಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅದನ್ನು ನೋಡಿ ಉಳಿದ ತಾಯಂದಿರೂ ತಮ್ಮ ಕೂಸುಗಳನ್ನು ಎತ್ತಿಕೊಂಡರು. ನಿರ್ಮಲಾ ಮತ್ತೆ ಬಂದಳು, ಮತ್ತೆ ಅದೇ ಆಯಿತು. ಕಡೆಗೆ ನಮ್ಮ ಕಟ್ಟೆಗೆ ಬಂದು ಕೂತಳು.

"ಇನ್ನ ಹೆಂಗ ಹೇಳ್ಲಿರಿ ಅಮ್ಮಾರ? ಪುಕ್ಕಟ ಪುಕ್ಕಟ ಅಂದು ಗಂಟಲ ಹರೀತು."

ಅವಳನ್ನು ಅಲ್ಲೇ ಕೂರಿಸಿ ನಾನು ಹಿಂದೆ ಗದಿಗೆವ್ವನ ಗುಡಾರಕ್ಕೆ ಹೋದೆ. "ಊರ ಮಂದಿ ತೋಳೆಲ್ಲಾ ಚುಚ್ಚಿದಾಕಿ, ಈಗ ಸೂಜಿಗೆ ಅಂಜತೀ ಏನ?" ಎಂದೆ.

"ಸೂಜಿಗೆ ಯಾಕ ಅಂಜಲಿ ಅಕ್ಕಾರ? ದಡಾರದಾಗ ನನ್ನ ಮಗನ ಒಂದು ಕಣ್ಣ ಹೋಗೇತಿ. ಈ ಕೂಸಿಂದೂ ಹೋಗ್ಲಿ ಅಂತೀನೇನು? ಆದ್ರ ಆಕಿ ಪುಕ್ಕಟ ಚುಚ್ಚತೀನಿ ಅಂತಾಳ. ಬರಿಗೈಲೆ ಚುಚ್ಚಿಸ್ಕೊಂಡ್ರ ಸೂಜಿ ಕೂಸಿನ ಬೆನ್ನ ಬಿಡೂದಿಲ್ಲ ಅನ್ನೂದು ನಮ್ಮ ಮಂದಿ ಮಾತು. ಮೊದಲನೇ ದಿನ ಜೋಳ ಕೊಡಾಕ ಹ್ವಾದೆ, ಕೈ ಮುಗದು ಒಲ್ಲೆ ಅಂದ್ಲು."

ನನಗೆ ಅಗಡಿಯ ಪಡಸಾಲೆ ಕಣ್ಣ ಮುಂದೆ ಬಂತು. ನನ್ನ ಕೈ ಹಿಡಿಯುವ ಮೊದಲು ಇವಳ ತಾಯಿ ಮೊರ ಮುಂದೆ ತಳ್ಳಿದ್ದಳು. ನಮ್ಮವ್ವ ಅದಕ್ಕೆ ಹಿಡಿ ಜೋಳ, ಒಂದು ಅರಿಶಿನ ಕೊಂಬು ಹಾಕಿದ ಮೇಲೆಯೇ ಆಕೆ ಸೂಜಿ ಮುಟ್ಟಿದ್ದು. ಕೂಲಿ ಎಂದುಕೊಂಡಿದ್ದೆ ನಾನು. ಕೂಲಿಗೆ ಆಮೇಲೆ ಹಳೇ ಸೀರೆ ಬೇರೆ ಕೊಟ್ಟಿದ್ದರಲ್ಲ!

ಕಟ್ಟೆಗೆ ಬಂದು ಹೇಳಿದರೆ ನಿರ್ಮಲಾ ಹಣೆ ಬಡಿದುಕೊಂಡಳು. "ಇಷ್ಟ ಏನ್ರಿ! ಬಡವರ ಕಾಳು ಯಾಕ ತಗೊಳ್ಳಿ ಅಂತ ನಾ ಒಲ್ಲೆ ಅಂದಿದ್ನಿ."

ಗುಡಾರದ ಮುಂದೆ ಹೋಗಿ ಸೆರಗು ಒಡ್ಡಿದಳು. ಗದಿಗೆವ್ವ ಹೊನ್ನಿಯ ಪುಟ್ಟ ಮುಷ್ಟಿಗೆ ಜೋಳ ತುಂಬಿ, ಆ ಕೈಯಿಂದಲೇ ಹಾಕಿಸಿದಳು. ಅರ್ಧ ನೆಲಕ್ಕೆ ಚೆಲ್ಲಿತು.

"ಈಗ ಚುಚ್ಚವಾ."

ಹೊನ್ನಿ ಚೀರಿದಳು. ಗದಿಗೆವ್ವನ ಕಣ್ಣು ಮಾತ್ರ ನರ್ಸಿನ ಕೈ ಮೇಲೆಯೇ ಇತ್ತು. "ಕೈ ಹಗುರ ಐತಿ. ನಮ್ಮ ಮಂದ್ಯಾಗ ಹುಟ್ಟಿದ್ರ ಹಚ್ಚಿ ಹಾಕಿ ಚಲೋ ಬಾಳೇ ಮಾಡ್ತಿದ್ದಿ."

ಅಷ್ಟರಲ್ಲಿ ಉಳಿದ ತಾಯಂದಿರೂ ಮೊರ ಹಿಡಿದು ಬಂದರು. "ಹಿಂಗಾದ್ರ ನನಗೊಂದು ಚೀಲ ಬೇಕಾಗತೈತಿ" ಎಂದು ನಿರ್ಮಲಾ ನಕ್ಕಳು. ಮುಂದಿನ ಸಲ ಅದೇ ಜೋಳದ ರೊಟ್ಟಿ ಬಡಿದು ತಂದಳು, ಜೊತೆಗೆ ಪುಂಡಿಪಲ್ಯ.

ಹೊನ್ನಿಯ ಮೈ ಒಮ್ಮೆ ಬಿಸಿಯಾದಾಗ ಗದಿಗೆವ್ವ, ನಾನು ಹಣೆಗೆ ಒದ್ದೆ ಬಟ್ಟೆ ಇಡುತ್ತ ಕೂತೆವು. ನರ್ಸ್ ಮೊದಲೇ ಹೇಳಿದ್ದಳು, ಬಿಸಿಯಾಗಿ ಇಳಿಯುತ್ತದೆಂದು. ಹಾಗೆಯೇ ಇಳಿಯಿತು.

ಹಂಗಾಮು ಮುಗಿಯಿತು. ಭಟ್ಟಿಯ ದಡಾರ ಗುಡಾರದತ್ತ ಬರಲಿಲ್ಲ. ಹೊರಡುವ ದಿನ ಗದಿಗೆವ್ವ ಹೊನ್ನಿಗೆ ಬಿಸಿಲಲ್ಲಿ ನೀರೆರೆದು, ಬೆನ್ನು, ಹೊಟ್ಟೆ, ಕಿವಿಯ ಹಿಂದೆ ಎಲ್ಲ ತಡವಿದಳು.

"ನೋಡ್ರಿ ಅಕ್ಕಾರ, ಒಂದ ಗುಳ್ಳಿ ಇಲ್ಲ."

ಆಮೇಲೆ ಕೂಸಿನ ಮುಖದ ಮುಂದೆ ಬೆರಳು ಹಿಡಿದು ಆ ಕಡೆ ಈ ಕಡೆ ಆಡಿಸಿದಳು. ಹೊನ್ನಿಯ ಎರಡೂ ಕಣ್ಣು ಬೆರಳಿನ ಬೆನ್ನು ಹತ್ತಿದವು. ಗಪ್ಪನೆ ಹಿಡಿದು ಬಾಯಿಗಿಟ್ಟುಕೊಂಡಳು.

"ಕಚ್ಚತಾಳ್ರೀ ಸೂಳಿಮಗಳು!" ಎಂದು ಗದಿಗೆವ್ವ ಕಣ್ಣೊರೆಸಿಕೊಂಡು ನಕ್ಕಳು.