ಅರ್ಧ ಪಗಾರ ನಿಂತ ವರ್ಷದ ಮಲ್ಲಿಗೆ

ನನ್ನ ಕೈ ವಾಸಿಯಾಗಿದೆಯೋ ಇಲ್ಲವೋ ನೋಡಲು ಹೊನ್ನಾವರದಿಂದ ಬಂದ ಹೆಡ್ ಕ್ಲಾರ್ಕು ಎರಡು ತಟ್ಟೆ ಅವಲಕ್ಕಿ ತಿಂದು, ಚಹಾ ಕುಡಿದು, ನನ್ನ ಅರ್ಧ ಪಗಾರ ನಿಲ್ಲಿಸಿ ಹೋದರು. ಅದಕ್ಕೆ ಕಾರಣ ನಾನೇ ಕೊಟ್ಟ ಒಂದು ಮೊಳ ಮಲ್ಲಿಗೆ.

ಹೊನ್ನಾವರದ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೆ. ಮಳೆಗಾಲದ ಒಂದು ದಿನ ಹಸಿ ಮಣ್ಣು ಜಾರಿ, ಎಡಗೈ ಅಚ್ಚಿನ ಯಂತ್ರದ ಕೆಳಗೆ ಸಿಕ್ಕಿತು. ಬೆರಳುಗಳು ಉಳಿದವು, ಆದರೆ ಮಡಚುವುದನ್ನು ಮರೆತುಬಿಟ್ಟವು. ಕೈ ಕೆಲಸಕ್ಕೆ ಬರುವವರೆಗೆ ಅರ್ಧ ಪಗಾರ ಕೊಡುತ್ತೇವೆಂದು ಕಾರ್ಖಾನೆಯವರು ಒಪ್ಪಿದರು. ನಾವು ಬಿಡಾರ ಕಿತ್ತು ಭಟ್ಕಳದ ಹತ್ತಿರದ ಜಾಲಿಗೆ, ನನ್ನ ಗಂಡನ ಮನೆಗೆ ಬಂದೆವು. ಇವರು ಭಟ್ಕಳ ಪೇಟೆಯ ಒಂದು ಹೊಲಿಗೆ ಅಂಗಡಿಯಲ್ಲಿ ಕೂತರು. ಹಬ್ಬ, ಮದುವೆ ಇದ್ದಾಗ ಕೈತುಂಬ ಕೆಲಸ, ಮಳೆ ಹಿಡಿಯಿತೆಂದರೆ ಬರೀ ನೊಣ ಹೊಡೆಯುವುದು.

ಕೈಗೆ ಏನಾದರೂ ಸಣ್ಣ ಕೆಲಸ ಕೊಡು ಎಂದು ಕುಮಟೆಯ ಡಾಕ್ಟರು ಹೇಳಿದ್ದರು. ಕೇರಿಯಲ್ಲಿ ಮಲ್ಲಿಗೆ ಬೆಳೆದು ಮಾರುವವಳೊಬ್ಬಳಿದ್ದಳು, ಎಲ್ಲರ ಬಾಯಲ್ಲೂ ಹೂವಿನಕ್ಕ. ಬೆಳಿಗ್ಗೆ ಅವಳು ಕೊಟ್ಟ ಮೊಗ್ಗನ್ನು ಹಿತ್ತಲಲ್ಲಿ ಕೂತು ಮಧ್ಯಾಹ್ನದವರೆಗೆ ಕಟ್ಟಿಕೊಡುತ್ತಿದ್ದೆ. ಎಡಗೈ ಹಿಡಿಯದಿದ್ದರೇನು, ಬಾಳೆನಾರಿನ ತುದಿಯನ್ನು ಕಾಲ ಹೆಬ್ಬೆರಳಿಗೆ ಬಿಗಿದು, ಬಲಗೈಯಲ್ಲಿ ಸುತ್ತುತ್ತಿದ್ದೆ. ಅರ್ಧ ದಿನದ ದುಡಿಮೆ, ಅರ್ಧ ಪಗಾರ, ಎರಡೂ ಸೇರಿ ಗಂಜಿಗೆ ಉಪ್ಪಿನಕಾಯಿಯಷ್ಟೇ ಅಲ್ಲ, ಮೀನೂ ಬೀಳುತ್ತಿತ್ತು.

ಆಗಲೇ ಕ್ಲಾರ್ಕು ಬಂದದ್ದು. ಹೂವಿರುವ ಮನೆಯಿಂದ ಸಂಸಾರವಂದಿಗರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಎಲೆಯಲ್ಲಿ ಒಂದು ಮೊಳ ಸುತ್ತಿ, "ಅಕ್ಕನಿಗೆ ಕೊಡಿ, ನಾನೇ ಕಟ್ಟಿದ್ದು" ಎಂದು ಹೆಮ್ಮೆಯಿಂದ ಕೊಟ್ಟೆ.

"ಹೂ ಕಟ್ಟೂಕೆ ಬರ್ತದೆ ಅಂದ್ರೆ ಕೈ ಸಮ ಆತಲ್ಲ, ತಂಗಿ! ಬಹಳ ಸಂತೋಷ" ಎಂದರು.

ಕೈಯಲ್ಲಲ್ಲ, ಕಾಲಲ್ಲಿ ಕಟ್ಟಿದ್ದು ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಹೇಳಿದರೆ ಅವರ ಹೆಂಡತಿಯ ಮುಡಿಗೆ ನನ್ನ ಕಾಲು ತಾಗಿಸಿದಂತೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ನಾನು ಆ ಗಾದೆಯವರಿಗಿಂತ ಜಾಣೆ, ಮಲ್ಲಿಗೆ ಕೊಟ್ಟು ಹಿಟ್ಟು ಕಳೆದುಕೊಂಡೆ. ಮುಂದಿನ ತಿಂಗಳು ಮನಿಆರ್ಡರ್ ಬರಲಿಲ್ಲ. ಕೆಲಸಕ್ಕೆ ಬಾ ಎಂದು ಕರೆ ಬಂತು. ಮಡಚದ ಕೈ ಹೊತ್ತು ಆ ಯಂತ್ರದ ಮುಂದೆ ಮತ್ತೆ ನಿಲ್ಲಲು ನನಗೇನು ಹುಚ್ಚೇ?

ಹೂವನ್ನೇ ಹೆಚ್ಚು ಕಟ್ಟುವುದೆಂದು ತೀರ್ಮಾನಿಸಿದೆ. ದಿನವಿಡೀ ಕಟ್ಟಲು ಹಿತ್ತಲಿನ ಬೆಳಕು ಸಾಲದೆ ಜಗಲಿಗೆ ಬಂದು ಕೂತೆ. ಎರಡೇ ದಿನಕ್ಕೆ ಕೇರಿಯೆಲ್ಲ ನನ್ನ ಹೆಬ್ಬೆರಳನ್ನು ಕಂಡಿತು. ಹೂವಿನಕ್ಕ ಓಡಿಬಂದಳು.

"ಎಂತ ಮಾಡ್ದೆ ಮಾರಾಯ್ತಿ! ಕಾಲಿಗೆ ಕಟ್ಟಿದ ಹೂ ದೇವ್ರಿಗೆ ಆತದಾ? ಸಾಯ್ಬರ ಮನೆಯವ್ರೂ ಬೇಡ ಅಂತ್ರು. ಕಾಲು ಬಿಡು, ಇಲ್ದಿದ್ರೆ ಹೂ ಬಿಡು."

ಹಲ್ಲಲ್ಲಿ ಕಚ್ಚಿ ಹಿಡಿದು ನೋಡಿದೆ. ಎಂಜಲು ಎಂದಳು. ಕಿಟಕಿಯ ಸರಳಿಗೆ ಕಟ್ಟಿದೆ. ಮೊಗ್ಗು ಒಂದೊಂದೇ ಉದುರಿತು. ಅಂದು ನಿಜಕ್ಕೂ ಅತ್ತುಬಿಟ್ಟೆ. ಹೂವೂ ಹೋದರೆ ಮಳೆಗಾಲದ ಅಕ್ಕಿಗೆ ದಾರಿಯೇ ಇರಲಿಲ್ಲ.

ಇವರು ಮೊಗ್ಗಿನ ಬುಟ್ಟಿ ಎಳೆದುಕೊಂಡು ಎದುರು ಬಂದು ಕೂತರು. "ಬಾಗ್ಲು ಹಾಕು. ಯಾರಾದ್ರೂ ಕಂಡ್ರೆ ನಗಾಡ್ತ್ರು."

ಅಂದಿನಿಂದ ಬೆಳಗಾದರೆ ಬಾಗಿಲು ಹಾಕುವುದು, ಇವರು ಮೊಗ್ಗು ಜೋಡಿಸಿ ನಾರಿನ ಮೇಲಿಟ್ಟು ಹಿಡಿಯುವುದು, ನಾನು ಬಲಗೈಯಲ್ಲಿ ಸುತ್ತಿ ಗಂಟು ಹಾಕುವುದು. ದರ್ಜಿಯ ಹಿಡಿತ, ಮೊದಮೊದಲು ಹೂವಿನ ಕುತ್ತಿಗೆಯೇ ಮುರಿಯುತ್ತಿತ್ತು. ಬೈದೆ, ಬೈಸಿಕೊಂಡೆ. ಮದುವೆಯಾದ ಮೇಲೆ ನಾವಿಬ್ಬರು ಅಷ್ಟು ಮಾತಾಡಿದ್ದು ಅದೇ ಮೊದಲು. ಹೊರಗೆ ಪಕ್ಕದ ಮನೆ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದಳು: "ಎಂತದೇ, ಬೆಳ್ಗಾಗೂದೇ ತಡ ಬಾಗ್ಲು ಹಾಕ್ತ್ರಿ! ಹೊಸ ಮದ್ವೆಯಾ?" ಒಳಗೆ ಇವರ ಕಿವಿ ಕೆಂಪಾಗುತ್ತಿತ್ತು, ನನಗೆ ನಗು ತಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಪೇಟೆಯ ದೊಡ್ಡ ನವಾಯತ ಸಾಯ್ಬರ ಮನೆಯಲ್ಲಿ ಮದುವೆ ಕೂಡಿಬಂತು. ಮದುಮಗಳಿಗೆ, ನೆಂಟರಿಗೆ ರಾಶಿ ಮಲ್ಲಿಗೆ ಬೇಕು, ಬಾಡದಂತೆ ಅವರ ಜಗಲಿಯಲ್ಲೇ ಕಟ್ಟಬೇಕು. ಕೂಲಿ ಎಷ್ಟೆಂದು ಕೇಳಿ ಬಲಗೈ ಬೆರಳಲ್ಲೇ ಲೆಕ್ಕ ಹಾಕಿದೆ. ಮಳೆಗಾಲದ ಅಕ್ಕಿ ಪೂರ್ತಿ ಅದರಲ್ಲಿತ್ತು.

ಇವರು ತಲೆ ಅಲ್ಲಾಡಿಸಿದರು. "ಪೇಟೆ ಮಧ್ಯ ಕೂತು ಹೂ ಕಟ್ಟೂಕೆ ನಾ ಎಂತ ಹೆಂಗ್ಸಾ?"

"ದಿನಾ ಪೇಟೆ ಮಧ್ಯ ಕೂತು ಹೆಂಗಸ್ರ ರವಿಕೆ ಹೊಲಿತ್ರಿ, ಆಗ ಎಂತ ಆಗಿರ್ತ್ರಿ?" ಎಂದೆ.

ಇವರು ಒಗೆದ ಅಂಗಿ ಹಾಕಿಕೊಂಡು ಹೊರಟರು.

ಜಗಲಿಯಲ್ಲಿ ಕೂತು ಇನ್ನೂ ನಾಲ್ಕು ಮೊಳ ಆಗಿರಲಿಲ್ಲ, ಇವರ ಹೊಲಿಗೆ ಅಂಗಡಿಯ ಯಜಮಾನರೇ ಮದುವೆ ಮನೆಗೆ ಬಂದರು, ಜೊತೆಗೆ ನಾಲ್ಕು ಜನ ಗಂಡಸರು. ಕಂಡು ನಿಂತುಬಿಟ್ಟರು. "ಎಂತ ಮಾರಾಯಾ ಇದು?"

ನನ್ನ ಕೈ ನಿಂತಿತು. ಇವರು ಈಗ ಎದ್ದರೆ ಎಲ್ಲವೂ ಎದ್ದು ಹೋದಂತೆ. ಒಳಗೆ ಪರದೆಯ ಹಿಂದಿನಿಂದ ಹೆಂಗಸರೂ ಇಣುಕಿದರು.

ಇವರು ತಲೆ ಎತ್ತಲಿಲ್ಲ. ಇನ್ನೊಂದು ಜೊತೆ ಮೊಗ್ಗು ಆರಿಸಿ ನಾರಿನ ಮೇಲಿಟ್ಟು ಹಿಡಿದರು. "ಇವ್ಳ ಎಡಗೈ ರಜೆ ಮೇಲೆ ಅದೆ, ಯಜಮಾನ್ರೇ. ನಾ ಬದ್ಲಿ ಆಳು."

ಮೊದಲು ನಕ್ಕದ್ದು ಪರದೆಯ ಹಿಂದಿನವರು. ಆಮೇಲೆ ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗುನಗುತ್ತಲೇ ಕಣ್ಣು ಮಂಜಾಗಿ ನಾರು ಎಲ್ಲಿದೆಯೆಂದೇ ಕಾಣಲಿಲ್ಲ.

"ಅಳೂದು ಮನೆಗ್ ಹೋಗಿ ಅಳು" ಎಂದು ಇವರು ಮೆಲ್ಲಗೆ ಗದರಿದರು, "ನಾ ಹಿಡ್ಕಂಡೇ ಇದ್ದೆ. ಸುತ್ತು."

ನಾನು ಸುತ್ತಿದೆ.