ಭಾವನ ಮೀಸೆ ಮತ್ತು ನನ್ನ ಹೆಬ್ಬಾವು

ನನ್ನ ಭಾವನ ಮೀಸೆ ಹೋದದ್ದು ನನ್ನಿಂದಲೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗಂಡನ ಅಣ್ಣ, ಹಿರಿಯರು, ಮರ್ಯಾದೆ ಕೊಡಬೇಕು, ಎಲ್ಲ ಸರಿ. ಆದರೆ ನನ್ನ ಹೆಬ್ಬಾವು ಸತ್ತದ್ದು ಅವರ ಕೈಯಿಂದ. ಅದನ್ನು ಅವರ ತಲೆಯ ಮೇಲೆ ಹೊರಿಸದೆ ಬಿಡಬಾರದು ಎಂದು ನಾನು ಹಟ ಹಿಡಿದಿದ್ದೆ.

ಹೆಬ್ಬಾವು ನನಗೆ ಸಿಕ್ಕಿದ್ದು ಮದುವೆಗೆ ಮೊದಲು, ಮುಂಡಾಜೆಯ ತವರಿನಲ್ಲಿದ್ದಾಗ. ಬೆಳ್ತಂಗಡಿಯ ಬ್ಯಾರಿ ಗೆಳತಿಯೊಬ್ಬಳು ಗಂಡನ ಜೊತೆ ದುಬೈಗೆ ಹೊರಟಾಗ ಅದನ್ನು ನನ್ನ ಕೈಗಿತ್ತಳು. ನಮ್ಮ ಗುಡ್ಡದ ಹೆಬ್ಬಾವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಹೊರದೇಶದ ಜಾತಿ, ಅರಣ್ಯ ಇಲಾಖೆಗೆ ತಿಳಿಸಿಯೇ ಸಾಕಿದ್ದು. ಬಂದಾಗ ಮೊಳ ಉದ್ದ ಇದ್ದದ್ದು ನನ್ನ ಮದುವೆಯ ಹೊತ್ತಿಗೆ ಮಂಚದಷ್ಟು ಉದ್ದವಾಗಿತ್ತು. ತೋಡಾರಿನ ಗಂಡನ ಮನೆಗೆ ಅದನ್ನೂ ಕರೆದುಕೊಂಡೇ ಬಂದೆ. ಹೊಸ ಸೊಸೆ ಎಷ್ಟು ಚಿನ್ನ ತಂದಿದ್ದಾಳೆ ಎಂದು ನೋಡಲು ಬಂದ ಹೆಂಗಸರು ಹೆಬ್ಬಾವನ್ನು ನೋಡಿ ಚಹಾ ಕೂಡ ಕುಡಿಯದೆ ಎದ್ದುಹೋದರು.

ಅದಕ್ಕೆ ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಗಾಜಿನ ಬಾಗಿಲಿನ ದೊಡ್ಡ ಮರದ ಪೆಟ್ಟಿಗೆ, ಒಂದು ಮೂಲೆಯಲ್ಲಿ ಬಿಸಿ ಬಲ್ಬು, ಇನ್ನೊಂದು ಮೂಲೆಯಲ್ಲಿ ನೀರಿನ ಪಾತ್ರೆ, ಕೆಳಗೆ ಒಣಗಿದ ತೆಂಗಿನ ನಾರಿನ ಹುಡಿ. ಆಗೊಮ್ಮೆ ಈಗೊಮ್ಮೆ ಒಂದು ಸತ್ತ ಇಲಿ. ಮಳೆಗಾಲದಲ್ಲಿ ಮಾತ್ರ ಒದ್ದೆ, ಥಂಡಿ ಆಗದ ಹಾಗೆ ನೋಡಿಕೊಳ್ಳಬೇಕು. ಎತ್ತುವಾಗ ಎರಡೂ ಕೈ ಕೊಡಬೇಕು, ಇಲ್ಲದಿದ್ದರೆ ನಡು ಜೋತುಬಿದ್ದು ಅದಕ್ಕೆ ನೋವಾಗುತ್ತದೆ. ನಾನು ಬಿ.ಸಿ.ರೋಡಿನ ಲ್ಯಾಬೊಂದರಲ್ಲಿ ದಿನವಿಡೀ ಜನರ ರಕ್ತ ತೆಗೆದು, ಬಸ್ಸಿನಲ್ಲಿ ನೇತಾಡಿಕೊಂಡು ಮನೆಗೆ ಬಂದರೆ, ಅದು ನನ್ನ ತೋಳು ಸುತ್ತಿಕೊಂಡು ಸುಮ್ಮನೆ ಮಲಗುತ್ತಿತ್ತು. ಗಂಡ ಕತಾರಿನಲ್ಲಿ. ಆ ಮನೆಯಲ್ಲಿ ನನ್ನಿಂದ ಚಹಾ, ಗಂಜಿ, ಲೆಕ್ಕ, ಏನೂ ಕೇಳದೆ ಹತ್ತಿರ ಇರುತ್ತಿದ್ದದ್ದು ಅದೊಂದೇ.

ಭಾವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ದಿನಾ ಎಣ್ಣೆ ಹಚ್ಚಿ ತಿರುವುವ ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು, ಹೆಬ್ಬಾವಿನ ಕೋಣೆಯ ಹೊಸ್ತಿಲು ದಾಟಲು ಹೆದರುತ್ತಿದ್ದರು. "ಆ ಹುಳವನ್ನು ಯಾವಾಗ ಸಾಗ ಹಾಕುವುದು ನೀನು?" ಎಂದು ಊಟದ ಹೊತ್ತಿಗೆ ಕೇಳುತ್ತಿದ್ದರು. ಕೇಳಲಿ, ನನಗೇನು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆ.

ಆ ವರ್ಷ ನಾಗರ ಪಂಚಮಿಯ ಹಿಂದಿನ ದಿನ ಅಮ್ಮನಿಗೆ ಜ್ವರ ಎಂದು ನಾನು ಮುಂಡಾಜೆಗೆ ಹೋಗಬೇಕಾಯಿತು. ಹೊರಡುವಾಗ ಭಾವನಿಗೆ ಹೇಳಿದೆ, "ಪೆಟ್ಟಿಗೆ ತೆಗೆಯುವುದು ಬೇಡ. ಬಲ್ಬು ಮಾತ್ರ ಆರಿಸಬೇಡಿ, ಅಷ್ಟು ಸಾಕು." ತಲೆ ಆಡಿಸಿದರು.

ಪಂಚಮಿಗೆ ಬನದ ನಾಗನ ಕಲ್ಲಿಗೆ ಹಾಲು, ಎಳನೀರು ಎರೆಯುವುದಕ್ಕೆ ನಮ್ಮಲ್ಲಿ ತನು ಎರೆಯುವುದು ಎನ್ನುತ್ತಾರೆ. ಭಾವ ಬನದಿಂದ ಉಳಿದ ಹಾಲು ತಂದು, ನೆರೆಯವರನ್ನು ಕರೆದು, ಫೋನು ಒಬ್ಬರ ಕೈಗೆ ಕೊಟ್ಟು, ನನ್ನ ಹೆಬ್ಬಾವಿನ ಮೇಲೆ ಸುರಿದರು. ಆ ವೀಡಿಯೊ ಮಧ್ಯಾಹ್ನ ನನ್ನ ಫೋನಿಗೂ ಬಂತು. "ಎಲ್ಲರೂ ಕಲ್ಲಿಗೆ ತನು ಎರೆಯುತ್ತಾರೆ. ನಮ್ಮ ಮನೆಯಲ್ಲಿ ಸಾಕ್ಷಾತ್ ನಾಗನೇ ಉಂಟು," ಎಂದು ಮೀಸೆ ತಿರುವುತ್ತಿದ್ದಾರೆ. ಚೆಂಬನ್ನು ಮಾತ್ರ ತೋಳು ಉದ್ದ ಚಾಚಿ ದೂರದಿಂದಲೇ ಹಿಡಿದಿದ್ದಾರೆ. ನನ್ನ ಮೈಯೆಲ್ಲ ಉರಿಯಿತು. ಫೋನು ಮಾಡಿದರೆ, "ಹಾಲು ಎರೆದರೆ ಶೀತ ಆಗ್ತದಾ ಮಾರಾಯ್ತಿ? ಎಲ್ಲ ಸರಿ ಉಂಟು, ನೀನು ಅಮ್ಮನನ್ನು ನೋಡಿಕೊ," ಎಂದರು.

ಅಮ್ಮನ ಜ್ವರ ಇಳಿದ ಮೇಲೆ, ಎರಡು ದಿನ ಬಿಟ್ಟು ಬಂದು ನೋಡುತ್ತೇನೆ, ಬಲ್ಬು ಆರಿದೆ. ಹಾಲು ತಾಗಿ ಶಾಕ್ ಹೊಡೆದೀತು ಎಂದು ಆರಿಸಿದವರು ಮತ್ತೆ ಹಾಕಿರಲಿಲ್ಲ. ಹೊರಗೆ ಜಡಿಮಳೆ. ನಾರಿನ ಹುಡಿ ಹುಳಿತು ನಾರುತ್ತಿತ್ತು, ಹೆಬ್ಬಾವು ಬಾವಿಯ ಹಗ್ಗದ ಹಾಗೆ ತಣ್ಣಗೆ ಬಿದ್ದಿತ್ತು. ಒರೆಸಿದೆ, ಬಿಸಿ ಮಾಡಿದೆ. ಆಮೇಲೆ ಬಾಯಿ ತೆರೆದು ಉಸಿರಾಡತೊಡಗಿತು, ತುಟಿಯಲ್ಲಿ ನೊರೆ. ಬೆಡ್‌ಶೀಟಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಪಶುವೈದ್ಯರಲ್ಲಿಗೆ ಹೊತ್ತುಕೊಂಡು ಹೋದೆ. ಶೀತ ಶ್ವಾಸಕೋಶಕ್ಕೆ ಹೋಗಿದೆ ಎಂದರು. ಅವರು ಹೇಳಿದಂತೆ ಇಂಜೆಕ್ಷನ್ ನಾನೇ ಕೊಟ್ಟೆ. ಕೃಷ್ಣಾಷ್ಟಮಿಗೆ ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ನನ್ನ ಮಡಿಲಿನಲ್ಲೇ ಸತ್ತಿತು.

ನಾನು ಅಳುತ್ತಿರುವುದನ್ನು ಕಂಡು ಭಾವ ಅಂದರು, "ಒಂದು ಹುಳ ಸತ್ತದ್ದಕ್ಕೆ ಇಷ್ಟು ಎಂತ?"

ಆ ಮಾತು ಆಡದಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದೆ. ಕಣ್ಣು ಒರೆಸಿಕೊಂಡು ಅತ್ತೆಯ ಹತ್ತಿರ ಹೋಗಿ ವೀಡಿಯೊ ಹಾಕಿದೆ. ಸಾಕ್ಷಾತ್ ನಾಗ ಎಂದು ಅವರ ಮಗನೇ ಸಾರುವುದನ್ನು ಎರಡು ಸಲ ಕೇಳಿಸಿದೆ. "ಅತ್ತೆ, ನಾಗ ನಮ್ಮ ಮನೆಯವರ ಕೈಯಿಂದ ಸತ್ತರೆ ಎಂತ ಮಾಡಬೇಕು?" ಎಂದು ಮೆತ್ತಗೆ ಕೇಳಿದೆ. ಅತ್ತೆಯ ಮುಖ ಬಿಳುಚಿಕೊಂಡಿತು. ನಾಗ ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆಯೇ ಸಂಸ್ಕಾರ ಮಾಡಿ ಸೂತಕ ಹಿಡಿಯುವುದು ನಮ್ಮ ಕಡೆಯ ಕ್ರಮ. ಕೂಡಲೇ ಭಟ್ಟರಿಗೆ ಹೇಳಿ ಕಳುಹಿಸಿದರು.

ಭಟ್ಟರು ತಿಳಿದವರು. "ಹೆಬ್ಬಾವಿಗೆ ಸಂಸ್ಕಾರ ಅಂತ ಇಲ್ಲ," ಎಂದು ನನ್ನ ಕಡೆ ತಿರುಗಿದರು. "ನಾಗನಿಗೂ ಹೆಬ್ಬಾವಿಗೂ ವ್ಯತ್ಯಾಸ ನಿನಗೆ ಗೊತ್ತುಂಟಲ್ಲ?"

"ನನಗೆ ಗೊತ್ತುಂಟು," ಎಂದೆ. "ತನು ಎರೆದವರು ಭಾವ. ಅವರಿಗೆ ನಾಗ ಅಂತಲೇ ಗೊತ್ತಿದ್ದದ್ದು."

ಭಟ್ಟರು ಭಾವನನ್ನು ನೋಡಿದರು. ಭಾವ ನೆಲ ನೋಡಿದರು. ಹುಳ ಎಂದರೆ ಊರಿಡೀ ನೋಡಿದ ವೀಡಿಯೊ ಸುಳ್ಳಾಗುತ್ತದೆ, ನಾಗ ಎಂದರೆ ಕೊಂದವರು ತಾವೇ ಆಗುತ್ತಾರೆ. ಅತ್ತೆ ಕಾಯಲಿಲ್ಲ. "ಅಪ್ಪನಿಗೆ ಮಾಡಿದ ಹಾಗೆಯೇ ಮಾಡು ಮಗ. ಒಂದೂ ಕಡಿಮೆ ಆಗಬಾರದು," ಎಂದರು. ಮಾವ ತೀರಿಕೊಂಡಾಗ ಭಾವ ಮೀಸೆ ತೆಗೆಸಿದ್ದರು. ಕ್ಷೌರದವರಿಗೆ ಫೋನು ಮಾಡಿ ಕರೆಸಿದವಳು ನಾನೇ.

ಅಂಗಳದ ಸ್ಟೂಲಿನಲ್ಲಿ ಕೂತಿದ್ದ ಭಾವನ ಮುಖದಿಂದ ಆ ಮೀಸೆ ಇಳಿಯುವುದನ್ನು ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಹೊಟ್ಟೆ ತಣ್ಣಗಾಯಿತು. ಸೂತಕ ಹಿಡಿದು ಮೀನಿಲ್ಲದ ಗಂಜಿ ಉಂಡರು. ಪ್ರತಿ ವರ್ಷ ಅಷ್ಟಮಿಯ ಮೊಸರು ಕುಡಿಕೆಯ ವೇದಿಕೆಯಲ್ಲಿ ಮೈಕು ಹಿಡಿಯುತ್ತಿದ್ದವರು ಆ ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ನಾನು ಮಾತ್ರ ಹೋಗಿ ಮೆರವಣಿಗೆ ನೋಡಿಕೊಂಡೇ ಬಂದೆ.

ಆದರೆ ಸುಡುವ ಹೊತ್ತಿನ ಮಾತು ಬೇರೆ. ಮೀಸೆ ತೆಗೆಸಿದ ದಿನವೇ ಗುಡ್ಡದ ಬುಡದಲ್ಲಿ ಕಟ್ಟಿಗೆ ಒಟ್ಟಿದ್ದರು. ಕೊಂದವರೇ ಎತ್ತಿ ಮಲಗಿಸಬೇಕು ಎಂದು ಹಟ ಮಾಡಿದವಳು ನಾನು. ಹೊಸ್ತಿಲು ದಾಟಲು ಹೆದರುತ್ತಿದ್ದ ಮನುಷ್ಯ, ಬೋಳು ತುಟಿ ಕಚ್ಚಿಕೊಂಡು, ಒಂದೇ ಕೈಯಲ್ಲಿ ಅದರ ಕುತ್ತಿಗೆ ಹಿಡಿದು ಎತ್ತಿದರು. ಉಳಿದ ಮೈ ನೆಲದಲ್ಲಿ ಎಳೆಯುತ್ತಿತ್ತು. ಅವರ ಕಣ್ಣಲ್ಲಿ ನೀರು. ನನಗೆ ಬೇಕಾಗಿದ್ದದ್ದು ಅದೇ.

"ಭಾವ, ಎರಡೂ ಕೈ ಕೊಡಿ," ಎಂದುಬಿಟ್ಟೆ. "ನಡುವಿಗೆ ನೋವಾಗ್ತದೆ ಅದಕ್ಕೆ."

ಅವರು ಇನ್ನೊಂದು ಕೈಯನ್ನು ಅಡಿಗೆ ಕೊಟ್ಟರು. ಸರಿಯಾಗಿಯೇ ಹಿಡಿದರು. ನಾನು ಬೆಂಕಿ ಆರುವವರೆಗೂ ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ.

ದೀಪಾವಳಿಗೆ ಮೊದಲೇ ಭಾವನ ಮೀಸೆ ಹಿಂದಿನಷ್ಟೇ ದಪ್ಪಗೆ ಬೆಳೆಯಿತು. ಅದನ್ನು ನೋಡಿದಾಗೆಲ್ಲ ನನಗೆ ಇನ್ನೂ ಸಿಟ್ಟು ಬರುತ್ತದೆ.